ಬಾಯಾರಿಕೆಯನ್ನು ನುಂಗಿಕೊಳ್ಳುವ ಮಕ್ಕಳು

ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ ವರ್ಷಗಳೇ ಸಂದಿವೆ. ಆ ದೀರ್ಘಾವಧಿಯಲ್ಲಿ ನನ್ನಿಂದ ಆದ ತಪ್ಪುಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ಇಂದು ಓದುಗ ಬಾಂಧವರ ಮುಂದೆ ಹೇಳಿಕೊಳ್ಳಬೇಕೆಂದಿದ್ದೇನೆ. ವಿಷಯ ತುಸು ಸಂಕೋಚದ್ದು. ಮನೆಮಂದಿಯೆಲ್ಲ ಓದುವ ಈ ಪುಟದಲ್ಲಿ ಮೂತ್ರದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನನಗೂ ಬಹಳ ಕಾಲ ಹಾಗೆಯೇ ಅನ್ನಿಸಿತ್ತು. ಆದರೆ ಅದೇ ಸಂಕೋಚ ಒಬ್ಬ ಹುಡುಗನಿಗೆ ಎಷ್ಟು ದುಬಾರಿಯಾಯಿತೆಂಬುದನ್ನು ಕಣ್ಣಾರೆ ಕಂಡವನು ನಾನು. ಆದುದರಿಂದ ಬರೆಯುತ್ತಿದ್ದೇನೆ.

1994ರ ಜೂನ್ ತಿಂಗಳಲ್ಲಿ ನನ್ನ ಆರನೆಯ ತರಗತಿಗೆ ಆತ ಬಂದ. ಹೊಟ್ಟೆಯನ್ನು ಮುಂದೆ ಮಾಡಿ, ತುದಿಗಾಲಿನ ಮೇಲೆ, ಅತ್ತಿತ್ತ ವಾಲುತ್ತಾ ನಡೆಯುತ್ತಿದ್ದ. ಮೀನಖಂಡಗಳು ಕುಸ್ತಿಪಟುವಿನವುಗಳಂತೆ ಉಬ್ಬಿಕೊಂಡಿದ್ದವು. ನೆಲದಿಂದ ಏಳಬೇಕಾದರೆ ಮಾತ್ರ ಮೊಣಕಾಲು, ತೊಡೆಗಳ ಮೇಲೆ ಕೈಯೂರುತ್ತಾ ತನ್ನ ದೇಹವನ್ನೇ ತಾನು ಹತ್ತಿದಂತೆ ಏಳಬೇಕಾಗಿತ್ತು. ಕ್ರಿಸ್ಮಸ್ ರಜೆ ಮುಗಿಯುವಷ್ಟರಲ್ಲಿ ನಡಿಗೆ ನಿಂತೇ ಹೋಯಿತು. ತಂದೆ ಬೆಳಿಗ್ಗೆ ರಿಕ್ಷಾದಲ್ಲಿ ಕರೆತಂದು, ಎತ್ತಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕುಳ್ಳಿರಿಸಿ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಹಾಗೆಯೇ ಎತ್ತಿಕೊಂಡು ಹೋಗುತ್ತಿದ್ದರು. ಅಷ್ಟು ಹೊತ್ತೂ ಹುಡುಗ ಆ ಬೆಂಚಿನ ಮೇಲೆಯೇ. ಉಳಿದ ಮಕ್ಕಳು ಗಂಟೆಗೊಮ್ಮೆ ಕಿರುಬೆರಳೆತ್ತಿ ಹೊರಗೆ ಹೋಗಲು ಅನುಮತಿ ಕೇಳುತ್ತಿದ್ದರೆ ಈತ ಒಂದು ದಿನವೂ ಕೇಳಿದವನಲ್ಲ. ಒಮ್ಮೆ ಎರಡು ಮೂರು ಬೆರಳುಗಳು ಒಟ್ಟಿಗೆ ಮೇಲೆದ್ದಾಗ ನನಗೆ ರೇಗಿತು. "ಇವನನ್ನು ನೋಡಿ ಕಲಿಯಿರಿ. ಇವನ ಸಂಯಮದಲ್ಲಿ ಅರ್ಧವಾದರೂ ನಿಮಗಿದೆಯೇ?" ಎಂದು ಇಡೀ ತರಗತಿಯ ಮುಂದೆ ಹೇಳಿಬಿಟ್ಟೆ. ಹುಡುಗ ತಲೆ ತಗ್ಗಿಸಿದ. ಅದನ್ನು ವಿನಯವೆಂದೇ ಭಾವಿಸಿದೆ.

ಫೆಬ್ರವರಿಯಲ್ಲಿ ಹದಿನೈದು ದಿನ ಆತ ಶಾಲೆಗೆ ಬರಲಿಲ್ಲ. ವಿಚಾರಿಸಲು ಮನೆಗೆ ಹೋದೆ. ಚಳಿಜ್ವರ, ಉರಿಮೂತ್ರ, ಬೆನ್ನಿನ ಒಂದು ಪಕ್ಕದಲ್ಲಿ ತಡೆಯಲಾಗದ ನೋವು. ಮೂತ್ರಪಿಂಡದಲ್ಲಿ ಕಲ್ಲು ಇದೆಯೆಂದು ತಿಳಿದುಬಂದಿತ್ತು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲುದನಿಯಲ್ಲಿ ಹೇಳಿದರು: "ನಿಮಗೆ ಗೊತ್ತಿಲ್ಲವಾ ಮಾಸ್ಟ್ರೇ? ಶಾಲೆ ಇರುವ ದಿನ ಅವನು ಬೆಳಿಗ್ಗೆ ಚಾ ಸಹ ಕುಡಿಯುವುದಿಲ್ಲ. ಗಂಜಿ ಬಡಿಸಿದರೆ ತೆಳಿ ಪೂರಾ ಬಿಟ್ಟು ಅನ್ನ ಮಾತ್ರ ತಿನ್ನುತ್ತಾನೆ. ಕುಡಿದರೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಯಾರಾದರೂ ಎತ್ತಬೇಕು, ಎತ್ತಿದರೆ ಮಕ್ಕಳು ನಗುತ್ತಾರೆ ಅಂತ ಹೇಳುತ್ತಾನೆ."

ನಮ್ಮ ಶಾಲೆಯ ಮೂತ್ರಾಲಯವಿದ್ದುದು ಅಂಗಳದ ಆಚೆ ಬದಿಯಲ್ಲಿ, ನಾಲ್ಕು ಕೆಂಪುಕಲ್ಲಿನ ಮೆಟ್ಟಿಲುಗಳ ಮೇಲೆ. ಆ ಮೆಟ್ಟಿಲುಗಳನ್ನು ದಿನಕ್ಕೆ ಹತ್ತು ಬಾರಿ ಕಾಣುತ್ತಿದ್ದ ನನಗೆ ಈ ಹುಡುಗ ಅವುಗಳನ್ನು ಏರುವುದು ಹೇಗೆ ಎಂಬ ಪ್ರಶ್ನೆ ಒಮ್ಮೆಯೂ ಹೊಳೆಯಲಿಲ್ಲ. ಕರಾವಳಿಯ ಸೆಕೆಯಲ್ಲಿ ದಿನಕ್ಕೆ ಎಂಟೊಂಬತ್ತು ಗಂಟೆ ನೀರಿಲ್ಲದೆ ಕುಳಿತಿದ್ದ ಮಗುವಿನ ಸಂಯಮವನ್ನು ಹೊಗಳಿದ್ದೆ, ಅಷ್ಟೆ. ಆತ 2005ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ ತೀರಿಕೊಂಡ. ಕೊನೆಗೆ ಸೋತದ್ದು ಹೃದಯ. ಅವನ ಸಾವಿಗೆ ಮೂತ್ರದ ತೊಂದರೆ ಕಾರಣವಲ್ಲ. ಆದರೆ ಬದುಕಿದ್ದ ವರ್ಷಗಳ ಬಹುಭಾಗವನ್ನು ಬಾಯಾರಿಕೊಂಡೇ ಕಳೆದ.

ಆ ಹುಡುಗನಿಗಿದ್ದುದು ಡುಶೇನ್ ಸ್ನಾಯುಕ್ಷಯ. 1860ರ ದಶಕದಲ್ಲಿ ಇದನ್ನು ವಿವರವಾಗಿ ವರ್ಣಿಸಿದ ಫ್ರಾನ್ಸಿನ ವೈದ್ಯ ಗಿಯೋಮ್ ಡುಶೇನ್ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 3500ರಿಂದ 5000ಕ್ಕೆ ಒಬ್ಬನಿಗೆ ಇದು ಬರುತ್ತದೆ. ಇದರ ಮೂಲ ಎಕ್ಸ್ ವರ್ಣತಂತುವಿನ ಒಂದು ಜೀನಿನಲ್ಲಿದೆಯೆಂದು ಬೋಸ್ಟನ್ನಿನ ಲೂಯಿ ಕುಂಕೆಲ್ ಅವರ ತಂಡ 1986ರಲ್ಲಿ ಗುರುತಿಸಿತು. ಆ ಜೀನ್ ತಯಾರಿಸಬೇಕಾದ ಪ್ರೋಟೀನಿಗೆ ಮರುವರ್ಷ ಡಿಸ್ಟ್ರೋಫಿನ್ ಎಂಬ ಹೆಸರು ಬಂತು. ಅದಿಲ್ಲದ ಸ್ನಾಯು ಪ್ರತಿ ಬಾರಿ ಸಂಕುಚಿಸಿದಾಗಲೂ ಸ್ವಲ್ಪ ಸ್ವಲ್ಪವಾಗಿ ಹರಿದು, ಕೊನೆಗೆ ಅದರ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತವೆ. ದೋಷವಿರುವ ಜೀನನ್ನು ಹೊತ್ತ ತಾಯಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಹುಟ್ಟುವ ಪ್ರತಿ ಗಂಡುಮಗುವಿಗೂ ರೋಗ ಬರುವ ಸಾಧ್ಯತೆ ಮಾತ್ರ ಅರ್ಧಕ್ಕರ್ಧ. ಇಲ್ಲಿ ಒಂದು ಮಾತು ಹೇಳದೆ ಮುಂದುವರಿಯಲಾರೆ. ಸುಮಾರು ಮೂರನೆಯ ಒಂದು ಪಾಲು ಮಕ್ಕಳಲ್ಲಿ ಈ ದೋಷ ತಾಯಿಯಿಂದ ಬಂದುದೇ ಅಲ್ಲ, ಹೊಸದಾಗಿ ಹುಟ್ಟಿದ್ದು. ತಾಯಿಯಿಂದ ಬಂದರೂ ಆಕೆಯ ತಪ್ಪೇನು? "ನಮ್ಮ ಕುಟುಂಬದಲ್ಲಿ ಇದಿರಲಿಲ್ಲ, ಅವಳ ತವರಿನಿಂದ ಬಂದದ್ದು" ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇನೆ. ಹೀಗೆ ದೂಷಿತಳಾದ ಹೆಂಗಸೇ ಹಗಲಿರುಳು ಆ ಮಗನನ್ನು ಎತ್ತಿ ಇಳಿಸುತ್ತಿರುತ್ತಾಳೆ.

ಮೂತ್ರಾಶಯಕ್ಕೂ ಈ ರೋಗಕ್ಕೂ ಏನು ಸಂಬಂಧ? ಬಹುಕಾಲ ವೈದ್ಯರು ಕೊಡುತ್ತಿದ್ದ ಉತ್ತರ, ಏನೂ ಇಲ್ಲ ಎಂಬುದು. ಕೈಕಾಲುಗಳ ಸ್ನಾಯುಗಳು ನಮ್ಮ ಇಚ್ಛೆಯಂತೆ ನಡೆಯುವಂಥವು. ಮೂತ್ರಾಶಯದ ಗೋಡೆಯ ಸ್ನಾಯು ಬೇರೆ ಜಾತಿಯದು, ನಯವಾದ ಅನೈಚ್ಛಿಕ ಸ್ನಾಯು. ಆದ್ದರಿಂದ ರೋಗ ಅಲ್ಲಿಗೆ ಮುಟ್ಟದು ಎಂಬುದು ಅವರ ತರ್ಕ. ಆದರೆ ಡಿಸ್ಟ್ರೋಫಿನ್ ಕೈಕಾಲುಗಳಲ್ಲಿ ಮಾತ್ರವಲ್ಲ, ಹೃದಯದಲ್ಲಿ, ಮೆದುಳಿನಲ್ಲಿ, ಅನೈಚ್ಛಿಕ ಸ್ನಾಯುಗಳಲ್ಲಿಯೂ ಇರಬೇಕಾದ ವಸ್ತುವೆಂದು ಗೊತ್ತಾದ ಮೇಲೆ ಆ ತರ್ಕ ಸಡಿಲವಾಯಿತು. ಮೂತ್ರವನ್ನು ತಡೆದಿಡುವ ಹೊರಗಿನ ಬಿಗಿಪಟ್ಟಿಯಂತೂ ಇಚ್ಛೆಗೆ ಒಳಪಟ್ಟ ಸ್ನಾಯುವೇ. ಹೊಟ್ಟೆಯ ಸ್ನಾಯುಗಳು ಸೋತಾಗ ಮುಕ್ಕಿ ಮೂತ್ರ ಹೊರಹಾಕುವ ಶಕ್ತಿಯೂ ಕುಂದುತ್ತದೆ. ಡುಶೇನ್ ರೋಗಿಗಳ ಮೂತ್ರದ ತೊಂದರೆಗಳನ್ನು ಕುರಿತು ವೈದ್ಯಕೀಯ ಪತ್ರಿಕೆಗಳಲ್ಲಿ 1990ರ ದಶಕದಿಂದಲೇ ಬರಹಗಳು ಬಂದಿವೆ. ಹಠಾತ್ ಅವಸರ, ತಡೆಯಲಾಗದೆ ಸೋರುವುದು, ಹೊರಡಲು ತಡವಾಗುವುದು, ಪೂರ್ತಿ ಖಾಲಿಯಾಗದಿರುವುದು ಇವೆಲ್ಲ ಅವುಗಳಲ್ಲಿ ಕಾಣುತ್ತವೆ.

ಇಷ್ಟಾದರೂ, ನನ್ನ ಕಣ್ಣಿಗೆ ಬಿದ್ದ ಮನೆಗಳಲ್ಲಿ ತೊಂದರೆಯ ದೊಡ್ಡ ಪಾಲು ಮೂತ್ರಾಶಯದೊಳಗೆ ಹುಟ್ಟಿದ್ದಲ್ಲ. ಗಾಲಿಕುರ್ಚಿಯಿಂದ ಶೌಚಾಲಯದವರೆಗಿನ ಹಾದಿಯಲ್ಲಿ ಹುಟ್ಟಿದ್ದು. ಆರೋಗ್ಯವಂತ ವಯಸ್ಕನ ಮೂತ್ರಾಶಯ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ; ಅದು ಅರ್ಧ ತುಂಬುವ ಮೊದಲೇ ಮನಸ್ಸಿಗೆ ಮೊದಲ ಸೂಚನೆ ಬಂದಿರುತ್ತದೆ. ನಮಗೆ ನಿಮಗೆ ಅದು ಎದ್ದು ಹೋಗಿ ಬರುವ ಎರಡು ನಿಮಿಷದ ಕೆಲಸ. ಈ ಯುವಕರ ವಿಚಾರ ಬೇರೆ. ಮೊದಲು ಯಾರನ್ನಾದರೂ ಕರೆಯಬೇಕು. ಅವರು ಕೈಯಲ್ಲಿರುವ ಕೆಲಸ ಬಿಟ್ಟು ಬರಬೇಕು. ಎತ್ತಬೇಕು, ಬಟ್ಟೆ ಸಡಿಲಿಸಬೇಕು, ಒರಗಿಸಿ ಹಿಡಿಯಬೇಕು, ಮತ್ತೆ ಎಲ್ಲವನ್ನೂ ಹಿಂದುಮುಂದಾಗಿ ಮಾಡಬೇಕು. ಕಾಲು ಗಂಟೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೋಗುತ್ತದೆ. ಮೂತ್ರಾಶಯ ಎಷ್ಟೇ ಚೆನ್ನಾಗಿದ್ದರೂ ಅಷ್ಟು ಹೊತ್ತು ಕಾಯಲೇಬೇಕೆಂದರೆ ಒಮ್ಮೊಮ್ಮೆ ಬಟ್ಟೆ ಒದ್ದೆಯಾಗುತ್ತದೆ. ಒಮ್ಮೆ ಒದ್ದೆಯಾಯಿತೆಂದರೆ ಹುಡುಗ ಮರುದಿನದಿಂದ ನೀರು ಬಿಡುತ್ತಾನೆ. ಯಾರೂ ಅವನಿಗೆ ಹೇಳಿಕೊಟ್ಟಿರುವುದಿಲ್ಲ. ತಾನಾಗಿಯೇ ಲೆಕ್ಕ ಹಾಕಿಕೊಳ್ಳುತ್ತಾನೆ. ತಾಯಿಗೆ ಸೊಂಟನೋವು, ತಂದೆ ಕೊಲ್ಲಿಯಲ್ಲಿ, ತಂಗಿ ಇನ್ನೂ ಚಿಕ್ಕವಳು. ಹಾಗಾದರೆ ಒಂದು ಲೋಟ ಕಡಿಮೆ.

ನೀರು ಬಿಟ್ಟವನ ದೇಹದಲ್ಲಿ ಆಗುವುದೇನು? ಮೂತ್ರ ಗಟ್ಟಿಯಾಗಿ ಹಳದಿ ತಿರುಗುತ್ತದೆ, ಉರಿಯುತ್ತದೆ, ಸೋಂಕು ತಗಲುತ್ತದೆ. ನಡೆಯದ ಕಾಲುಗಳ ಎಲುಬಿನಿಂದ ಸುಣ್ಣದ ಅಂಶ ಕರಗಿ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಇಳಿಯುತ್ತದೆ. ರೋಗವನ್ನು ನಿಧಾನಗೊಳಿಸಲು ವರ್ಷಗಟ್ಟಲೆ ಕೊಡುವ ಸ್ಟೀರಾಯ್ಡ್ ಔಷಧಗಳೂ ಎಲುಬನ್ನು ಸವೆಸುತ್ತವೆ. ಸುಣ್ಣ ಹೆಚ್ಚಾಗಿ ನೀರು ಕಡಿಮೆಯಾದಲ್ಲಿ ಕಲ್ಲು ಕಟ್ಟುವುದು ಸುಲಭ. ಮಲಬದ್ಧತೆ ಬಂದೇ ಬರುತ್ತದೆ, ಮತ್ತು ತುಂಬಿದ ಮಲಾಶಯ ಮೂತ್ರಾಶಯವನ್ನು ಒತ್ತುವುದರಿಂದ ಅವಸರವೂ ಸೋರಿಕೆಯೂ ಇನ್ನಷ್ಟು ಹೆಚ್ಚುತ್ತವೆ. ಸೋರಬಾರದೆಂದು ಬಿಟ್ಟ ನೀರೇ ಸೋರಿಕೆಯನ್ನು ಹೆಚ್ಚಿಸುವ ವಿಚಿತ್ರ ಇದು. ಆದರೂ "ಪ್ರಯಾಣವಿದೆ, ನೀರು ಕೊಡಬೇಡಿ" ಎಂಬುದು ನಮ್ಮ ಹಿರಿಯರ ಸಾಮಾನ್ಯ ಸಲಹೆ. ಹೃದಯ ಸೋಲುತ್ತಿರುವವರಿಗೆ ದೇಹದ ನೀರನ್ನಿಳಿಸುವ ಮಾತ್ರೆ ಕೊಟ್ಟಿರುತ್ತಾರೆ; ಅದನ್ನು ನುಂಗಿದ ಮೇಲೆ ಎರಡು ಮೂರು ಗಂಟೆ ಮತ್ತೆ ಮತ್ತೆ ಹೋಗಬೇಕಾಗುತ್ತದೆಂದು ಆ ಮಾತ್ರೆಯನ್ನೇ ದಿಂಬಿನಡಿಗೆ ಸೇರಿಸಿದ ಯುವಕನೊಬ್ಬನನ್ನು ನಾನು ಬಲ್ಲೆ. ಅಲ್ಲಿಗೆ ಸಂಕೋಚದ ಪ್ರಶ್ನೆ ಪ್ರಾಣದ ಪ್ರಶ್ನೆಯಾಗುತ್ತದೆ. ಅಂಥವರು ಎಷ್ಟು ನೀರು ಕುಡಿಯಬೇಕೆಂಬುದನ್ನು ಹೃದಯದ ವೈದ್ಯರೇ ಹೇಳಬೇಕು, ನಿಜ. ಆದರೆ ಆತ ಮಾತ್ರೆಯನ್ನೇಕೆ ಬಿಡುತ್ತಿದ್ದಾನೆಂಬುದು ಮೊದಲು ಅವರಿಗೆ ಗೊತ್ತಾಗಬೇಡವೇ?

ಎಲ್ಲವನ್ನೂ ಮೆಟ್ಟಿಲುಗಳ ತಲೆಗೆ ಕಟ್ಟಿ ಸುಮ್ಮನಾಗುವಂತೆಯೂ ಇಲ್ಲ. ಸರಿಯಾಗಿದ್ದವನಿಗೆ ಒಮ್ಮೆಲೇ ಸೋರಲಾರಂಭಿಸಿದರೆ, ಹೋಗಬೇಕೆನಿಸಿದರೂ ಹನಿ ಹನಿಯಾಗಿ ಬಂದರೆ, ಕೆಳಹೊಟ್ಟೆ ಉಬ್ಬಿ ನಿಂತರೆ, ಮೂತ್ರದಲ್ಲಿ ರಕ್ತ ಕಂಡರೆ, ನಡುಕದ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡಬಾರದು. ಬಾಗಿದ ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯ ನಂತರ ಮೂತ್ರದ ರೀತಿ ಬದಲಾದರೆ ಅದನ್ನು ಹೇಳಲೇಬೇಕು. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆಯೆಂದು ಸ್ಕ್ಯಾನಿಂಗ್ ಮಾಡಿ ನೋಡುವುದು ನೋವಿಲ್ಲದ ಪರೀಕ್ಷೆ. ಅದೇ ಹೊತ್ತಿಗೆ ಮೂತ್ರಪಿಂಡಗಳಲ್ಲಿ ಕಲ್ಲು ಇದೆಯೇ ಎಂಬುದೂ ತಿಳಿಯುತ್ತದೆ. ರಾತ್ರಿ ಪದೇ ಪದೇ ಎಚ್ಚರಗೊಂಡು ಮೂತ್ರಕ್ಕೆಂದು ಕರೆಯುವುದು ಉಸಿರಾಟ ಸೋಲುತ್ತಿರುವುದರ ಸುಳಿವೂ ಆಗಿರಬಹುದು.

ರಕ್ತಪರೀಕ್ಷೆಯ ಚೀಟಿಯ ವಿಚಾರದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಕಿಡ್ನಿ ಹೇಗಿದೆಯೆಂದು ತಿಳಿಯಲು ಎಲ್ಲೆಡೆ ನೋಡುವುದು ಕ್ರಿಯಾಟಿನಿನ್ ಪ್ರಮಾಣವನ್ನು. ಆ ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ. ಸ್ನಾಯುವೇ ಕರಗಿಹೋದವನಲ್ಲಿ ಅದು ಸದಾ ಕಡಿಮೆಯೇ ಇರುತ್ತದೆ. ಕಿಡ್ನಿ ಸೋಲುತ್ತಿದ್ದರೂ ಚೀಟಿಯಲ್ಲಿ ಎಲ್ಲ ಸರಿಯಿದೆಯೆಂದೇ ಕಾಣುತ್ತದೆ. ಇಂಥವರಿಗೆ ಸಿಸ್ಟಾಟಿನ್ ಸಿ ಎಂಬ ಬೇರೊಂದು ಪರೀಕ್ಷೆ ಹೆಚ್ಚು ನಂಬಲರ್ಹ. ಸ್ನಾಯುರೋಗಿಗಳನ್ನು ಅಪರೂಪಕ್ಕೆ ನೋಡುವ ವೈದ್ಯರಿಗೆ ಇದು ಆ ಕ್ಷಣಕ್ಕೆ ನೆನಪಾಗದಿರಬಹುದು. ಮನೆಯವರು ವಿನಯದಿಂದ ಕೇಳಿದರೆ ತಪ್ಪಿಲ್ಲ. ಬೆಕರ್ ಸ್ನಾಯುಕ್ಷಯವೇ ಮೊದಲಾದ ಕೆಲವು ಸೌಮ್ಯತರದ ರೋಗಗಳಲ್ಲಿ ಶ್ರಮದ ಕೆಲಸದ ಅಥವಾ ಕಠಿಣ ವ್ಯಾಯಾಮದ ತರುವಾಯ ಮೂತ್ರ ಕರಿಚಹದಂತೆ ಕಪ್ಪಗಾಗುವುದುಂಟು. ಅದು ಉಷ್ಣವಲ್ಲ, ಎಳನೀರು ಕುಡಿದು ಮಲಗುವಂಥದ್ದಲ್ಲ. ಸ್ನಾಯು ಒಡೆದು ಅದರ ವರ್ಣದ್ರವ್ಯ ಕಿಡ್ನಿಯನ್ನು ಮುಚ್ಚುತ್ತಿರುವ ಲಕ್ಷಣ. ಅಂದೇ ಆಸ್ಪತ್ರೆಗೆ ಹೋಗಬೇಕು.

ಆಸ್ಪತ್ರೆಯ ಮಾತು ಬಂತು. ನನ್ನ ಆ ಶಿಷ್ಯನೊಂದಿಗೆ ಮುಂದೆ ಹಲವು ಬಾರಿ ನಾನೂ ಆಸ್ಪತ್ರೆಗೆ ಹೋಗಿದ್ದೇನೆ. ವೈದ್ಯರು ಒಳ್ಳೆಯವರು. ಎಷ್ಟು ದೂರ ಸರಿದಾಡುತ್ತಾನೆ, ಉಸಿರು ಹೇಗಿದೆ, ಹೃದಯದ ಚಿತ್ರ ಹೇಗಿದೆ, ಬೆನ್ನು ಎಷ್ಟು ಬಾಗಿದೆ ಎಂದೆಲ್ಲ ವಿಚಾರಿಸುತ್ತಿದ್ದರು. ಮೂತ್ರದ ವಿಚಾರವನ್ನು ಒಬ್ಬರೂ ಕೇಳಲಿಲ್ಲ. ಕೇಳದ ಕಾರಣ ತಾಯಿಯೂ ಹೇಳಲಿಲ್ಲ. ತಾಯಿ ಹೇಳದ್ದನ್ನು ಹದಿನೆಂಟರ ಹುಡುಗ ಹೇಳುವನೇ? ನನ್ನ ಅಭಿಪ್ರಾಯವಿಷ್ಟೇ: ಸ್ನಾಯುರೋಗವಿರುವ ಮಗುವನ್ನು ನೋಡುವ ಪ್ರತಿಯೊಬ್ಬ ವೈದ್ಯರೂ "ನೀನು ದಿನಕ್ಕೆ ಎಷ್ಟು ನೀರು ಕುಡಿಯುತ್ತೀ, ಹೋಗಬೇಕಾದಾಗ ಏನು ಮಾಡುತ್ತೀ?" ಎಂಬೆರಡು ಪ್ರಶ್ನೆಗಳನ್ನು ತಾವಾಗಿಯೇ ಕೇಳಬೇಕು. ಹುಡುಗ ಪ್ರಾಯಕ್ಕೆ ಬಂದಿದ್ದರೆ ತಾಯ್ತಂದೆಯರನ್ನು ಐದು ನಿಮಿಷ ಹೊರಗೆ ಕುಳ್ಳಿರಿಸಿ ಕೇಳಬೇಕು. ಇದಕ್ಕೆ ಯಂತ್ರ ಬೇಡ, ಹಣ ಬೇಡ.

ಮನೆಯಲ್ಲಿ ಮಾಡಬಹುದಾದ ಏರ್ಪಾಡುಗಳೂ ಅಂಥ ಕಷ್ಟದವಲ್ಲ. ಹಾಸಿಗೆ ಹಿಡಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಓರೆಕತ್ತಿನ ಪ್ಲಾಸ್ಟಿಕ್ ಬಾಟಲಿಯೊಂದು ಗಾಲಿಕುರ್ಚಿಯ ಚೀಲದಲ್ಲಿದ್ದರೆ ಗಂಡುಮಕ್ಕಳ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಎತ್ತುವ ಅಗತ್ಯವೇ ಇಲ್ಲ. ಒಂದು ಮರೆ, ಸಹಾಯಕ್ಕೆ ಒಬ್ಬ ಗೆಳೆಯ, ಮುಂದೆ ಉದ್ದಕ್ಕೆ ತೆರೆಯುವ ಚಡ್ಡಿ ಇದ್ದರೆ ಸಾಕು. ನಮ್ಮ ಶಾಲೆಯಲ್ಲಿ ಕಡೆಗೆ ನಾವು ಮಾಡಿದ್ದೂ ಇದನ್ನೇ. ತರಗತಿಯ ಮೂಲೆಗೆ ಹಳೆಯ ಪರದೆಯೊಂದನ್ನು ಕಟ್ಟಿ, ಹತ್ತೂವರೆಗೂ ಊಟದ ಬಿಡುವಿನಲ್ಲೂ ನಾನೇ ಬಾಟಲಿ ಹಿಡಿದೆ. ಮೊದಲ ದಿನ ಹುಡುಗರು ನಕ್ಕರು. ಎರಡನೆಯ ವಾರ ಅವರಲ್ಲೇ ಇಬ್ಬರು "ಸಾರ್, ನಾವು ಹಿಡಿಯುತ್ತೇವೆ" ಎಂದು ಮುಂದೆ ಬಂದರು. ಹುಡುಗ ಗಂಜಿಯ ತೆಳಿ ಕುಡಿಯಲಾರಂಭಿಸಿದ್ದಾನೆಂದು ಅವನ ತಾಯಿ ಪೂಜೆಯ ಬಳಿಕ ಇಗರ್ಜಿಯ ಮೆಟ್ಟಿಲಲ್ಲಿ ನನಗೆ ಹೇಳಿದರು.

ದೂರ ಪ್ರಯಾಣಕ್ಕೆ, ರಾತ್ರಿಯ ನಿದ್ದೆಗೆ ಹೊರಗಿನಿಂದ ತೊಡಿಸುವ ತೆಳು ರಬ್ಬರಿನ ಕವಚವೂ ಅದಕ್ಕೆ ಜೋಡಿಸಿದ ಚೀಲವೂ ಉಂಟು. ಅಂಗಡಿಗಳಲ್ಲಿ ಅದರ ಹೆಸರು ಕಾಂಡೋಮ್ ಕ್ಯಾತಿಟರ್. ಈ ಹೆಸರಿನ ಮೊದಲ ಪದ ಕೇಳಿ ಗಾಬರಿಯಾದ ಒಬ್ಬ ಸಾತ್ವಿಕ ತಂದೆ ಮೂರು ಬಾರಿ ಮೆಡಿಕಲ್ ಶಾಪಿನ ಬಾಗಿಲವರೆಗೆ ಹೋಗಿ ಬರಿಗೈಯಲ್ಲಿ ಮರಳಿದ್ದನ್ನು ಅವರೇ ನನಗೆ ಹೇಳಿ ನಕ್ಕಿದ್ದಾರೆ. ಅದು ಮೂತ್ರ ಹಿಡಿಯುವ ಸಾಧನ, ಬೇರೇನೂ ಅಲ್ಲ. ದಿನವೂ ಬದಲಿಸಿ ಚರ್ಮವನ್ನು ತೊಳೆದು ಒಣಗಿಸಿದರೆ ಆಯಿತು. ಮೂತ್ರಾಶಯ ಖಾಲಿಯಾಗದವರಿಗೆ ಮಾತ್ರ ಒಳಗೆ ಕೊಳವೆ ಹಾಕಬೇಕಾಗುತ್ತದೆ. ಅದನ್ನು ಸದಾ ಒಳಗೇ ಬಿಡುವುದಕ್ಕಿಂತ ದಿನಕ್ಕೆ ನಾಲ್ಕಾರು ಬಾರಿ ಹಾಕಿ ತೆಗೆಯುವುದೇ ಲೇಸೆಂಬುದನ್ನು ಅಮೆರಿಕದ ಮಿಷಿಗನ್ನಿನ ಜ್ಯಾಕ್ ಲ್ಯಾಪಿಡಿಸ್ ಎಂಬ ವೈದ್ಯರು 1972ರಲ್ಲೇ ತೋರಿಸಿಕೊಟ್ಟರು. ಶಸ್ತ್ರಚಿಕಿತ್ಸೆಯ ಕೋಣೆಯ ಶುದ್ಧಿ ಅದಕ್ಕೆ ಬೇಡ, ಸೋಪಿನಲ್ಲಿ ತೊಳೆದ ಕೈ ಸಾಕು, ಮನೆಯವರು ಕಲಿಯಬಹುದು. ಎತ್ತುವ ಕಷ್ಟ ತಪ್ಪಲೆಂದು ಮಾತ್ರ ಕಾಯಂ ಕೊಳವೆ ಹಾಕಿಸುವುದು ಸೋಂಕಿಗೂ ಕಲ್ಲಿಗೂ ಕೊಟ್ಟ ಆಹ್ವಾನ.

ಇದುವರೆಗೆ ಹುಡುಗರ ಮಾತನ್ನೇ ಆಡಿದೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. 1909ರಲ್ಲಿ ಜರ್ಮನಿಯ ಹಾನ್ಸ್ ಸ್ಟೈನರ್ಟ್ ವರ್ಣಿಸಿದ ಮಯೋಟಾನಿಕ್ ಸ್ನಾಯುಕ್ಷಯ ಗಂಡು ಹೆಣ್ಣೆಂದು ಭೇದ ಮಾಡುವುದಿಲ್ಲ. ತಂದೆಯಿಂದಾಗಲಿ ತಾಯಿಯಿಂದಾಗಲಿ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕರುಳಿನ ಅನೈಚ್ಛಿಕ ಸ್ನಾಯುಗಳೂ ಅದರಲ್ಲಿ ಸೋಲುತ್ತವೆ. ಮೂತ್ರ ತಡೆಯಲಾಗದ ತೊಂದರೆಯೂ ಕಾಣುತ್ತದೆ. ಸೊಂಟ ಮತ್ತು ತೊಡೆಗಳನ್ನು ಹಿಡಿಯುವ ಇತರ ಆನುವಂಶಿಕ ಸ್ನಾಯುರೋಗಗಳೂ ಹೆಂಗಸರಿಗೆ ಬರುತ್ತವೆ. ಅವರಿಗೆ ಬಾಟಲಿಯ ಅನುಕೂಲ ಸುಲಭವಲ್ಲ. ಕುಕ್ಕರಗಾಲಿನಲ್ಲಿ ಕೂರಲಾರರು, ಕೂತರೆ ಏಳಲಾರರು, ಕಮೋಡ್ ಇದ್ದರೂ ಅದು ತೀರ ತಗ್ಗಾಗಿರುತ್ತದೆ. ಹೆರಿಗೆಯಿಂದ ಸೋರುತ್ತಿದೆ, ವಯಸ್ಸಿನಿಂದ ಸೋರುತ್ತಿದೆ ಎಂದು ತಮಗೆ ತಾವೇ ಹೇಳಿಕೊಂಡು, ಮದುವೆ ಮುಂಜಿಗಳಿಗೆ, ಕೊನೆಗೆ ಪೂಜೆಗೂ ಬರುವುದನ್ನು ನಿಲ್ಲಿಸುತ್ತಾರೆ. ಅವರು ಭಕ್ತಿ ಬಿಟ್ಟರೆಂದು ನಾವು ಮಾತನಾಡಿಕೊಳ್ಳುತ್ತೇವೆ.

ನಮ್ಮ ಇಗರ್ಜಿಗಳ, ಸಭಾಭವನಗಳ, ಶಾಲೆಗಳ ಮಾತನ್ನು ಇಲ್ಲಿ ಎತ್ತಲೇಬೇಕಾಗಿದೆ. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಕಟ್ಟಡಗಳು ಎದ್ದಿವೆ. ಗ್ರಾನೈಟಿನ ನೆಲ, ಕೆತ್ತನೆಯ ಬಾಗಿಲು, ಬಣ್ಣದ ಗಾಜು. ಇಗರ್ಜಿಯ ಮುಂಬಾಗಿಲಿಗೆ ಗಾಲಿಕುರ್ಚಿಗಾಗಿ ಇಳಿಜಾರು ಮಾಡಿದ್ದನ್ನೂ ಕೆಲವೆಡೆ ಕಂಡು ಸಂತೋಷಪಟ್ಟಿದ್ದೇನೆ. ಆದರೆ ಒಳಗೆ ಬಂದವನು ಮೂರು ತಾಸಿನ ಹಬ್ಬದ ಪೂಜೆ, ಆಮೇಲಿನ ಊಟ ಮುಗಿಯುವವರೆಗೆ ಎಲ್ಲಿಗೆ ಹೋಗಬೇಕು? ಶೌಚಾಲಯ ಹಿಂಬದಿಯಲ್ಲಿ, ಮೆಟ್ಟಿಲು ಇಳಿದು, ಕುರ್ಚಿ ತೂರದಷ್ಟು ಅಗಲದ ಬಾಗಿಲು. ಇನ್ನೊಂದು ತೊಡಕನ್ನು ಯೋಜನೆ ಹಾಕುವವರು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ. ಗಂಡಸರು, ಹೆಂಗಸರು ಎಂದು ಬರೆದ ಎರಡು ಬಾಗಿಲುಗಳಲ್ಲಿ ಇಪ್ಪತ್ತು ವರ್ಷದ ಮಗನನ್ನು ತಾಯಿ ಯಾವುದರೊಳಗೆ ಕರೆದೊಯ್ಯಬೇಕು? ಇಬ್ಬರಿಗೂ ಸಲ್ಲುವ ಮೂರನೆಯದೊಂದು ಬಾಗಿಲು ಬೇಕು. ಮೂರಡಿ ಅಗಲದ್ದು, ಹೊರಕ್ಕೆ ತೆರೆಯುವಂಥದ್ದು. ಒಳಗೆ ಕುರ್ಚಿ ತಿರುಗಲು ಐದಡಿ ಜಾಗ, ಗೋಡೆಗೆ ಹಿಡಿಕೆಗಳು, ಕುರ್ಚಿಯ ಮಟ್ಟಕ್ಕೆ ಬರುವ ಕಮೋಡ್, ಸಾಧ್ಯವಾದರೆ ಮಲಗಿಸಿ ಬಟ್ಟೆ ಬದಲಿಸಲು ಒಂದು ಗಟ್ಟಿ ಬೆಂಚು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು.

ಇದು ಕರುಣೆಯ ಮಾತಾಗಿ ಉಳಿದಿಲ್ಲ. 1995ರ ಅಂಗವಿಕಲರ ಕಾಯಿದೆಯಲ್ಲಿ 7 ಬಗೆಯ ವೈಕಲ್ಯಗಳಷ್ಟೇ ಇದ್ದವು. 2016ರ ಹಕ್ಕುಗಳ ಕಾಯಿದೆಯಲ್ಲಿ 21 ಇವೆ, ಅವುಗಳಲ್ಲಿ ಸ್ನಾಯುಕ್ಷಯವನ್ನು ಹೆಸರು ಹಿಡಿದೇ ಸೇರಿಸಲಾಗಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳು ತಮ್ಮ ಕಟ್ಟಡ, ಆವರಣ, ಸೌಲಭ್ಯಗಳನ್ನು ಇಂಥ ಮಕ್ಕಳು ಬಳಸುವಂತೆ ಮಾಡಬೇಕೆಂದು ಆ ಕಾಯಿದೆ ಹೇಳುತ್ತದೆ. ನಮ್ಮ ಸಮುದಾಯ ನಡೆಸುವ ಶಾಲೆಗಳು ಶಿಸ್ತಿಗೆ ಹೆಸರಾದವು. ಈ ಒಂದು ವಿಷಯದಲ್ಲಿಯೂ ಹೆಸರಾಗಬಾರದೇಕೆ?

"ಒಬ್ಬಿಬ್ಬರಿಗಾಗಿ ಇಷ್ಟು ಖರ್ಚೇಕೆ?" ಎಂದು ಕೇಳುವವರಿದ್ದಾರೆ. ನನ್ನೆದುರೇ ಕೇಳಿದ್ದಾರೆ, ಕೇಳಿದವರು ದುಷ್ಟರೂ ಅಲ್ಲ. ಒಬ್ಬಿಬ್ಬರೇ ಕಾಣುತ್ತಾರೆಂಬುದು ಸರಿ. ಉಳಿದವರು ಬರಲಾರದೆ ಮನೆಯಲ್ಲಿದ್ದಾರೆ, ಆದ್ದರಿಂದ ಕಾಣುವುದಿಲ್ಲ. ಪಾರ್ಶ್ವವಾಯುವಾದ ಅಜ್ಜ, ಮಂಡಿನೋವಿನ ಅಜ್ಜಿ, ಗಂಟೆಗೊಮ್ಮೆ ಏಳಬೇಕಾದ ನನ್ನಂಥ ಮುದುಕರು, ತುಂಬು ಗರ್ಭಿಣಿಯರು ಎಲ್ಲರೂ ಆ ಮೂರನೆಯ ಬಾಗಿಲನ್ನು ಬಳಸುತ್ತಾರೆ. ಮನೆಗೇ ಪರಮಪ್ರಸಾದ ತಂದುಕೊಡುತ್ತೇವಲ್ಲ ಎಂದು ಇನ್ನೊಬ್ಬರು ಹೇಳಿದರು. ಅದು ಒಳ್ಳೆಯದೇ. ಆದರೆ ಮೊಂತಿ ಹಬ್ಬದ ದಿನ ಹೂ ಹಿಡಿದು ಬಂದ ಮಕ್ಕಳ ಗದ್ದಲದ ನಡುವೆ ಕೂರುವ ಆಸೆ ಹತ್ತು ವರ್ಷದ ಹುಡುಗನಿಗೆ ಇರುತ್ತದೆ.

ನಮ್ಮ ವಾರ್ಡಿನಲ್ಲಿಯೇ ಈಗ ಅಂಥ ಹುಡುಗನೊಬ್ಬನಿದ್ದಾನೆ. ನಡಿಗೆ ಇನ್ನೂ ಪೂರ್ತಿ ನಿಂತಿಲ್ಲ. ಕಳೆದ ಮಳೆಗಾಲದಲ್ಲಿ ಅವನ ಮನೆಗೆ ಹೋಗಿದ್ದಾಗ ತಾಯಿ ಎಲ್ಲರಿಗೂ ಚಾ ತಂದರು. ಹುಡುಗ ಲೋಟವನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದ. "ಈಗಲೇ ನಿನಗೆ ಶಾಲೆಗೆ ಹೋಗಲಿಕ್ಕೆ ಉಂಟಾ ಮಗಾ?" ಎಂದು ಕೇಳಿದೆ. "ಇಲ್ಲ ಅಜ್ಜ, ಕ್ರಿಸ್ತಶಿಕ್ಷಣದ ಕ್ಲಾಸಿಗೆ ಹೋಗಲಿಕ್ಕೆ ಉಂಟು" ಎಂದ.

ವಿಷಯವನ್ನು ಗುರ್ಕಾರರ ಮೂಲಕ ಪಾಲನಾ ಮಂಡಳಿಯ ಮುಂದೆ ತಂದೆವು. ಫಾದರ್ ಒಪ್ಪಿದ್ದಾರೆ. ಹಣಕಾಸು ಸಮಿತಿಯವರು ವಾರ್ಷಿಕ ಮಹೋತ್ಸವದ ಖರ್ಚು ಮುಗಿಯಲಿ ಎಂದಿದ್ದಾರೆ. ಭವನದ ಪಕ್ಕದ ಹಳೆಯ ದಾಸ್ತಾನು ಕೋಣೆಗೆ ಮೆಟ್ಟಿಲಿಲ್ಲ, ನೀರಿನ ಪೈಪು ಗೋಡೆಯ ಆಚೆಯೇ ಇದೆ. ಬಾಗಿಲನ್ನು ಮಾತ್ರ ಒಂದಡಿ ಅಗಲಿಸಬೇಕು. ಮುಂದಿನ ಸಭೆಗೆ ಅಳತೆಯ ಟೇಪನ್ನೂ ಮೇಸ್ತ್ರಿಯನ್ನೂ ಜೊತೆಯಲ್ಲಿ ಕರೆದೊಯ್ಯುವವನಿದ್ದೇನೆ.